ಹಿಂದಿನ ಸೀಟು

ದಾವಣಗೆರೆಯ ಮಂಡಿಪೇಟೆಯಲ್ಲಿ ನಯೀಮ್ ಅವರದೊಂದು ಮೊಬೈಲ್ ಅಂಗಡಿ ಇದೆ. ಅಲ್ಲಿ ಒಳಗಡೆ ಫ್ಯಾನಿನ ಕೆಳಗೆ ಕೂತು ಫೋನಿನಲ್ಲಿ ಮಾತಾಡುವ ಹೆಣ್ಣುಮಗಳೇ ಚೈತ್ರಾ. ಅವಳಿಗೆ ಫೋನ್ ಮಾಡುವವರು ಸಣ್ಣ ವಿಮಾನ ಹಾರಿಸುವವರು, ಹಾರಿಸಲು ಕಲಿಯುತ್ತಿರುವವರು. ಕಾಕ್‌ಪಿಟ್‌ನಲ್ಲಿ ಇಟ್ಟುಕೊಳ್ಳಲು ಯಾವ ಟ್ಯಾಬ್ ಒಳ್ಳೆಯದು, ದಾರಿ ತೋರಿಸುವ ಯಾವ ಆಪ್ ನಂಬಬಹುದು ಎಂದು ಕೇಳುತ್ತಾರೆ. ಅವಳು ಸಮಾಧಾನದಿಂದ ಹೇಳುತ್ತಾಳೆ. ಹೇಳುವವಳು ಒಂದು ಕಾಲಕ್ಕೆ ತಾನೇ ಹಾರಿಸುತ್ತಿದ್ದಳು ಎಂಬುದು ಕೇಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಚೈತ್ರಾಳ ಊರು ಹರಿಹರದ ಹತ್ತಿರದ ಭಾನುವಳ್ಳಿ. ಚಾನೆಲ್ ಎಂದು ಕರೆಯುವ ಕಾಲುವೆಯ ನೀರಿನ ಭತ್ತದ ಗದ್ದೆ, ಅಪ್ಪ ಪರಮೇಶ್ವರಪ್ಪ, ಅವ್ವ ಅಂಜಿನವ್ವ. ಪಿಯುಸಿಯಲ್ಲಿ ಹಿಡಿದ ವಿಮಾನದ ಹುಚ್ಚು ಅವಳನ್ನು ದೂರದ ಒಂದು ತರಬೇತಿ ಶಾಲೆಗೆ ಕರೆದೊಯ್ದಿತು. ಮೊದಲ ಸಲ ಒಬ್ಬಳೇ ಹಾರಿಸಿ ಇಳಿದ ದಿನ ಅವ್ವನಿಗೆ ಫೋನ್ ಮಾಡಿ ಕೂಗಿದ್ದಳು.

"ಅವ್ವಾ, ಇವತ್ತು ಪಕ್ಕದಾಗ ಸಾರ್ ಇರ್ಲಿಲ್ಲ. ನಾನೊಬ್ಳೇ ಹಾರ್ಸಿ ಇಳ್ಸಿದೆ!"

"ನಿನ್ನೊಬ್ಬಳನ್ನೇ ಯಾಕ ಬಿಟ್ರು? ಬುದ್ಧಿ ಐತೇನು ಅವ್ರಿಗೆ?" ಎಂದು ಅಂಜಿನವ್ವ ಸಿಟ್ಟಾದಳು. ಆಮೇಲೆ ಇಡೀ ಓಣಿಗೆ ಹೇಳಿಕೊಂಡು ಬಂದಳು.

ಲೈಸೆನ್ಸ್ ಇನ್ನೇನು ಕೈಗೆ ಬರಬೇಕು ಎನ್ನುವಾಗ ಒಂದು ಬೆಳಿಗ್ಗೆ ಮೆಸ್‌ನಲ್ಲಿ ಇಡ್ಲಿ ತಿನ್ನುತ್ತಿದ್ದವಳು ಕೆಳಗೆ ಬಿದ್ದಳು. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದಳು. ಫಿಟ್ಸ್ ಎಂದರು. ಮಾತ್ರೆ ಶುರುವಾದ ಮೇಲೂ ಇನ್ನೊಮ್ಮೆ ಬಂತು. ವೈದ್ಯರ ಮಂಡಳಿ ಇನ್ನು ಹಾರಿಸುವಂತಿಲ್ಲ ಎಂದಿತು. ಹಾರಿಸುವುದಿರಲಿ, ಸ್ಕೂಟಿ ಓಡಿಸುವುದೂ ಬೇಡವೆಂದರು. ಅವಳ ಬ್ಯಾಚಿನ ಅರುಣ್ ಕುಮಾರ್, ಹರಿಹರದವನೇ, ರೈಲಿನಲ್ಲಿ ಜೊತೆಗೆ ಬಂದು ಅವಳನ್ನು ಮನೆ ಮುಟ್ಟಿಸಿ ಹೋದ.

ಭಾನುವಳ್ಳಿಯಲ್ಲಿ ಅವಳು ಬಾಗಿಲಾಚೆ ಬರುವುದನ್ನೇ ಬಿಟ್ಟಳು. ನೋಡಲು ಬಂದವರು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಪಿಸುಗುಡುತ್ತಿದ್ದರು. ಮಾತುಕತೆಯ ಹಂತದಲ್ಲಿದ್ದ ಒಂದು ಸಂಬಂಧ, ಕಾರಣ ಹೇಳದೆಯೇ ನಿಂತುಹೋಯಿತು. ಕೊನೆಗೆ ಅವ್ವನೇ ಅವಳನ್ನು ದಾವಣಗೆರೆಯ ಆನೆಕೊಂಡದಲ್ಲಿದ್ದ ದೊಡ್ಡಮ್ಮ ಹೊನ್ನಕ್ಕನ ಮನೆಗೆ ಕಳಿಸಿದಳು. ಹೊನ್ನಕ್ಕನಿಗೆ ನಯೀಮ್ ಪರಿಚಯ. ಅಂಗಡಿಯಲ್ಲಿ ಕೆಲಸಕ್ಕೆ ಜನ ಬೇಕಿತ್ತು.

"ಬಾರಮ್ಮ, ಕೂಡು. ನಂಗೂ ಶುಗರ್ ಐತೆ, ತಲಿ ತಿರುಗಿದ್ರ ನಾನೂ ಬೀಳ್ತೀನಿ. ಯಾರು ಮೊದ್ಲು ಬೀಳ್ತಾರೋ ಅವ್ರನ್ನ ಇನ್ನೊಬ್ರು ಎಬ್ಬಸಾದು," ಎಂದರು ನಯೀಮ್. ಎಷ್ಟೋ ತಿಂಗಳ ಮೇಲೆ ಚೈತ್ರಾ ನಕ್ಕಳು.

ಆ ಹೊತ್ತಿಗೆ ಅರುಣ್ ಒಬ್ಬ ಉದ್ಯಮಿಯ ನಾಲ್ಕು ಸೀಟಿನ ವಿಮಾನ ಹಾರಿಸುತ್ತಿದ್ದ. ಒಂದು ದಿನ ಫೋನ್ ಮಾಡಿದ. "ಚೈತ್ರಾ, ನಡು ಆಕಾಶದಾಗ ಟ್ಯಾಬ್ ಬಿಸಿಯಾಗಿ ಬಂದ್ ಆಗ್‌ಬಿಡ್ತು ಕಣೇ. ಹೆಂಗೋ ಕಾಗದದ ನಕ್ಷೆ ಇತ್ತು. ನೀನು ಅಂಗಡ್ಯಾಗೆ ಅದೀಯಲ್ಲ, ಒಂದು ಚಲೋದು ಹೇಳು."

ಆ ರಾತ್ರಿಯಿಡೀ ನಿದ್ದೆಯಿಲ್ಲದ ಅವಳು ಮಾರನೇ ದಿನದಿಂದಲೇ ಕೆಲಸಕ್ಕೆ ತೊಡಗಿದಳು. ಅಂಗಡಿಯ ಟ್ಯಾಬ್‌ಗಳನ್ನು ನಯೀಮ್ ಅವರನ್ನು ಕೇಳಿ ಮಾಳಿಗೆಯ ಬಿಸಿಲಿಗೆ ಒಯ್ದು, ಯಾವುದು ಮೊದಲು ಬಂದ್ ಆಗುತ್ತದೆ, ಯಾವುದರ ಪರದೆ ಬಿಸಿಲಲ್ಲೂ ಓದಲು ಬರುತ್ತದೆ ಎಂದು ನೋಡಿದಳು. ಪೈಲಟ್‌ಗಳಂತೆ ಟ್ಯಾಬನ್ನು ತೊಡೆಗೆ ಪಟ್ಟಿಯಿಂದ ಕಟ್ಟಿಕೊಂಡು, ದೊಡ್ಡದಾದರೆ ಕೈಯಾಡಿಸಲು ಅಡ್ಡಬರುತ್ತದೆಯೇ ಎಂದು ನೋಡಿದಳು. ಸಿಮ್ ಹಾಕಲು ಜಾಗವಿಲ್ಲದ ಕೆಲವು ಟ್ಯಾಬ್‌ಗಳಲ್ಲಿ ಜಿಪಿಎಸ್ಸೇ ಇರುವುದಿಲ್ಲ, ಅವನ್ನು ಪಕ್ಕಕ್ಕಿಟ್ಟಳು. ಕೆಲವು ಆಪ್‌ಗಳು ನೆಟ್ ಹೋದ ಕೂಡಲೇ ನಕ್ಷೆಯನ್ನೇ ನುಂಗಿಬಿಡುತ್ತವೆ. ಅವನ್ನು ಪತ್ತೆ ಮಾಡಲು ನೆಟ್ ಬಂದ್ ಮಾಡಿಕೊಂಡು ಹರಿಹರ ದಾಟಿ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂರುತ್ತಿದ್ದಳು. ತುಂಗಭದ್ರೆಯ ಸೇತುವೆ ದಾಟುವಾಗ ಪರದೆಯ ಮೇಲಿನ ಪುಟ್ಟ ವಿಮಾನದ ಗುರುತೂ ಹೊಳೆ ದಾಟುತ್ತಿತ್ತು. ಒಂದು ಸಲ ಅದನ್ನೇ ನೋಡುತ್ತಾ ಅವಳಿಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು, "ಯಾರಾದ್ರೂ ತೀರ್ಕೊಂಡ್ರೇನಮ್ಮ?" ಎಂದು ಕೇಳಿದಳು. ಚೈತ್ರಾ ಇಲ್ಲವೆಂದು ತಲೆಯಾಡಿಸಿದಳು.

ಅವಳು ಆರಿಸಿಕೊಟ್ಟದ್ದು ಅರುಣನಿಗೆ ಚೆನ್ನಾಗಿ ಒಗ್ಗಿತು. ಅವನು ಗೆಳೆಯರಿಗೆ ಹೇಳಿದ, ಅವರು ಇನ್ನೊಬ್ಬರಿಗೆ. ಹೀಗೆ ಮಂಡಿಪೇಟೆಯ ಅಂಗಡಿಗೆ ಎಲ್ಲೆಲ್ಲಿಂದಲೋ ಫೋನ್ ಬರತೊಡಗಿದವು.

ಕಳೆದ ಚಳಿಗಾಲದಲ್ಲಿ ಅರುಣ್ ಶಿವಮೊಗ್ಗಕ್ಕೆ ವಿಮಾನ ತಂದ. ಅವಳನ್ನು ಒಂದು ಸುತ್ತು ಕರೆದೊಯ್ಯಲು ಮಾಲೀಕರ ಒಪ್ಪಿಗೆ ಪಡೆದಿದ್ದ. ಪ್ರಯಾಣಿಕಳಾಗಿ ಹೋಗಲು ಡಾಕ್ಟರೂ ಹ್ಞೂಂ ಎಂದರು. ಅಂಜಿನವ್ವನಿಗೆ ಮಾತ್ರ ಹೆದರಿಕೆ. "ಬ್ಯಾಡ ಅಂದ್ರ ಕೇಳ್ತೀಯೇನು?" ಎಂದಳು. ಆಮೇಲೆ ತಾನೇ, "ನಮ್ಮ ಗದ್ದಿ ಮ್ಯಾಲ ಬರ್ತೀರೇನು? ನಾನು ಕೆಂಪು ಸೀರಿ ಉಟ್ಕೊಂಡು ಬದುವಿನ ಮ್ಯಾಲ ನಿಂತಿರ್ತೀನಿ," ಎಂದಳು.

ವಿಮಾನದ ಹತ್ತಿರ ಹೋದಾಗ ಅರುಣ್ ಮುಂದಿನ ಬಲಬದಿಯ ಬಾಗಿಲು ತೆಗೆದು ಹಿಡಿದ. ಆ ಸೀಟಿನ ಮುಂದೆಯೂ ಹಾರಿಸುವ ಹಿಡಿಕೆ ಇರುತ್ತದೆ.

"ಹತ್ತು. ಮ್ಯಾಲೆ ಹೋದ್ಮೇಲೆ ಸ್ವಲ್ಪ ಹೊತ್ತು ನೀನೇ ಹಿಡಿಯುವಂತಿ."

ಚೈತ್ರಾ ಆ ಹಿಡಿಕೆಯನ್ನು ನೋಡುತ್ತಾ ನಿಂತಳು. ಮೂರು ವರ್ಷ ಅವಳು ಕನಸಿನಲ್ಲಿ ಹಿಡಿದದ್ದು ಅದನ್ನೇ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

"ನಾನು ಹಿಂದೆ ಕೂರ್ತೀನಿ," ಎಂದಳು.

"ಹುಚ್ಚಿ, ಯಾಕ? ಮಾತ್ರೆ ತಗೊಂಡೀಯಲ್ಲ? ಏನೂ ಆಗಲ್ಲ."

"ಆದ್ರ? ಮುಂದೆ ಕೂತಾಗ ಫಿಟ್ಸ್ ಬಂದು ಹಿಡ್ಕೀ ಮ್ಯಾಲ ಬಿದ್ರ ನೀನು ಏನು ಮಾಡ್ತಿ? ನಾನು ಪೈಲಟ್ ಆಗಿದ್ರ ನನ್ನಂಥಾಕೀನ ಮುಂದೆ ಕೂಡಿಸ್ತಿರ್ಲಿಲ್ಲ ಅರುಣ. ನೀನೂ ಕೂಡಿಸ್ಬ್ಯಾಡ."

ಅರುಣ್ ಹಿಂದಿನ ಸೀಟಿಗೆ ದಾರಿ ಮಾಡಿಕೊಟ್ಟ. ಅವಳು ಬೆಲ್ಟನ್ನು ತಾನೇ ಬಿಗಿದುಕೊಂಡಳು.

ನೆಲ ಬಿಟ್ಟ ಕ್ಷಣ ಅವಳ ಪಾದಗಳು ಹಿಂದಿನ ಸೀಟಿಗೆ ಇಲ್ಲದ ಪೆಡಲ್‌ಗಳನ್ನು ತಾವಾಗಿಯೇ ಒತ್ತಿದವು. ಆಮೇಲೆ ಸುಮ್ಮನಾದವು. ಹೊಳೆ ಸಿಕ್ಕಿತು, ಹರಿಹರದ ಸೇತುವೆ ಸಿಕ್ಕಿತು, ಅದರಾಚೆ ಚಾನೆಲ್‌ಗಳ ಗೆರೆಗಳ ನಡುವೆ ಹಸಿರು. ಅರುಣ್ ವಿಮಾನವನ್ನು ವಾಲಿಸಿ ಭಾನುವಳ್ಳಿಯ ಮೇಲೆ ಒಂದು ದೊಡ್ಡ ಸುತ್ತು ಹಾಕಿದ. ಅಷ್ಟು ಎತ್ತರದಿಂದ ಮನೆಗಳು ಬೆಂಕಿಪೊಟ್ಟಣಗಳಂತೆ ಕಂಡವು. ಮನುಷ್ಯರು ಕಾಣಲಿಲ್ಲ. ಕೆಂಪು ಬಣ್ಣಕ್ಕಾಗಿ ಅವಳು ಗಾಜಿಗೆ ಹಣೆಯಿಟ್ಟು ಹುಡುಕಿದಳು, ಎಲ್ಲೂ ಇರಲಿಲ್ಲ.

ಮತ್ತೆ ಹಾರಿಸಲು ಬಿಡಿ ಎಂದು ವರ್ಷವರ್ಷವೂ ವೈದ್ಯರ ಮಂಡಳಿಗೆ ಹಾಕುತ್ತಿದ್ದ ಅರ್ಜಿಯನ್ನು ಆ ವರ್ಷವೂ ಹಾಕಬೇಕೆಂದು ಅವಳು ಅಂದುಕೊಂಡಿದ್ದಳು. ಇಳಿದ ಮೇಲೆ ಆ ಮಾತು ಎತ್ತಲೇ ಇಲ್ಲ. "ಬಿಸಿಲಾಗೆ ಟ್ಯಾಬ್ ಪರದೆ ಚಲೋ ಕಾಣ್ತಿತ್ತು, ಹಿಂದಿನ ಸೀಟಿಂದ್ಲೂ ಓದಾಕ ಬಂತು," ಎಂದಷ್ಟೇ ಅರುಣನಿಗೆ ಹೇಳಿದಳು. ಅವನು ಮುಖ ಆಚೆ ತಿರುಗಿಸಿಕೊಂಡ.

ಸಂಜೆ ಊರಿಗೆ ಹೋದಾಗ ಅಂಜಿನವ್ವ ಇನ್ನೂ ಕೆಂಪು ಸೀರೆಯಲ್ಲೇ ಇದ್ದಳು. ಸೆರಗಿಗೆ ಗದ್ದೆಯ ಕೆಸರು ಮೆತ್ತಿತ್ತು.

"ಸೆರಗು ಬೀಸಿ ಬೀಸಿ ರಟ್ಟಿ ಬಿದ್ದೋದ್ವು. ಕಂಡ್ನೇನು ನಾನು?"

"ಕಂಡಿ ಅವ್ವಾ," ಎಂದಳು ಚೈತ್ರಾ. "ಕೆಂಪಗೆ, ಬದುವಿನ ಮ್ಯಾಲ."

ಅಂಜಿನವ್ವ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸತೊಡಗಿದಳು. ಚೈತ್ರಾ ಕಟ್ಟೆಯ ಮೇಲೆ ಕೂತು ಶೂ ಬಿಚ್ಚಿದಳು. ಮರುದಿನ ಮೊದಲ ಬಸ್ಸಿಗೆ ಅವಳು ದಾವಣಗೆರೆಗೆ ಹೊರಡಬೇಕಿತ್ತು.