ಶೀಲರ ಮನೆಯ ಜಗಲಿ

ಮೊಂಟುದಾನ ಬಾಯಿ ಕಟ್ಟಲು ಅವನ ಜಗಲಿಯ ಗೆಳೆಯರಾದ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಉತ್ತರ ಕೋಲ್ಕತ್ತದ ನಮ್ಮ ಗಲ್ಲಿಯಲ್ಲಿ, ಶೀಲರೆಂಬ ಮನೆತನದ ಹಳೆಯ ಮನೆಯ ಮುಂದೆ ರಸ್ತೆಗೆ ಚಾಚಿಕೊಂಡ ಜಗಲಿಯೊಂದಿತ್ತು. ಟ್ರಾಮ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಮೊಂಟುದಾನ ಬಾಳೆಲ್ಲ ಅಲ್ಲೇ. ಮಣ್ಣಿನ ಕುಡಿಕೆಯಲ್ಲಿ ಚಹಾ, ಮಂಡಕ್ಕಿ, ಫುಟ್‌ಬಾಲ್, ರಾಜಕೀಯ, ಹೊಟ್ಟೆಯ ಗ್ಯಾಸು. ಹೆಂಡತಿ ಸತ್ತಾಗಲೂ ಸ್ಮಶಾನದಿಂದ ನೇರ ಬಂದು ಅಲ್ಲೇ ಕುಳಿತ. ನಾವೂ ಕುಳಿತೆವು.

ಹಿಂದೆ ಅಕ್ಕಪಕ್ಕದ ಹಳೆ ಮನೆಗಳು ಉರುಳಿದಾಗ ಲಿಫ್ಟು ಬಂತೆಂದು ಸಂದೇಶ್ ಮಿಠಾಯಿ ಹಂಚಿದವರೂ ನಾವೇ. ಆಮೇಲೆ ನೋಡಿದರೆ ಫ್ಲ್ಯಾಟುಗಳ ಮುಂದೆ ಗೇಟು, ಕಾವಲುಗಾರ. ಕೂರಲು ಅಂಗೈಯಗಲ ಜಾಗವಿಲ್ಲ. ಹಾಗಾಗಿ ಶೀಲರ ಮನೆ ಕೆಡವಲು ಲಾರಿ ಬಂದಾಗ ಮೊಂಟುದಾ ಅದರ ಮುಂದೆ ಅಡ್ಡ ಮಲಗಿದ. ಗಲ್ಲಿಗೆ ಗಲ್ಲಿಯೇ ಕೂಗಾಡಿತು. ಮನೆ ಉಳಿಯಿತು.

ದುರಸ್ತಿಗೆ ಶ್ರೀಲೇಖಾ ಎಂಬ ವಾಸ್ತುಶಿಲ್ಪಿ ಬಂದಳು. ಮೊಂಟುದಾನನ್ನು ಕಾಕು, ಅಂದರೆ ಚಿಕ್ಕಪ್ಪ, ಎಂದೇ ಕರೆದಳು.

"ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆದು ಮನೇನ ಮೊದಲಿನ ಹಾಗೇ ಮಾಡ್ತೀವಿ, ಕಾಕು. ಇದರ ಬಗ್ಗೆ ನಿಮಗೇನಾದ್ರೂ ಗೊತ್ತಾ?"

ದಿನವಿಡೀ ಹರಟುತ್ತ ಅಡ್ಡಾ ಹೊಡೆಯುವವನನ್ನು ಇಂಥ ಪ್ರಶ್ನೆ ಕೇಳಬಾರದು.

"ನನ್ನನ್ನೇ ಕೇಳ್ತೀಯಾ? ಈ ಜಗಲಿ ಇದೆಯಲ್ಲ, ಇದು ನಮ್ಮ ತಾತನ ಕೈವಾಡ. ಮೊದಲಿಲ್ಲಿ ಬರೀ ಮೆಟ್ಟಿಲಿತ್ತಮ್ಮ. ಮನೆ ಯಜಮಾನ್ರು ದೊಡ್ಡ ಶೀಲ್‌ಬಾಬು ಅವರ ಪ್ರಾಣ ತಿಂದು ತಾತ ಕಟ್ಟಿಸಿದ್ರು."

ನಾನು ಅವನ ತೊಡೆ ಚಿವುಟಿದೆ.

"ಯಾಕೋ ಚಿವುಟ್ತೀಯ? ನಾನೇನು ಸುಳ್ಳು ಹೇಳ್ತಿದೀನಾ?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ. ಅವಳು ಎಲ್ಲ ಬರೆದುಕೊಂಡು ಥ್ಯಾಂಕ್ಸ್ ಹೇಳಿ ಹೋದಳು.

ಮುಂದಿನ ವಾರ ಜಗಲಿ ಒಡೆಯಲು ಸುತ್ತಿಗೆ ಹಿಡಿದ ಕೂಲಿಯವರೊಂದಿಗೆ ಶ್ರೀಲೇಖಾ ಬಂದಳು. ಮೊಂಟುದಾ ಜಗಲಿ ಬಿಟ್ಟು ಏಳಲಿಲ್ಲ.

"ಈ ಮನೆ ಉಳಿಸಿದ್ದು ಯಾರಮ್ಮ?"

"ನೀವೇ, ಕಾಕು. ಅದಕ್ಕೇ ಒಂದಿಷ್ಟೂ ತಪ್ಪಿಲ್ಲದ ಹಾಗೆ ಮಾಡ್ತಿದೀವಿ. ಮಾಹಿತಿ ಕೊಟ್ಟೋರಲ್ಲಿ ನಿಮ್ಮ ಹೆಸರನ್ನೂ ಹಾಕ್ತೀವಿ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಕೂಲಿಯವರಿಬ್ಬರು ಮೊಂಟುದಾನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದರು.

ಈಗ ಮನೆ ಹಳದಿ ಬಣ್ಣ ಬಳಿದುಕೊಂಡು ಚಂದವಾಗಿದೆ. ಜಗಲಿಯಿದ್ದಲ್ಲಿ ಬರೀ ಮೆಟ್ಟಿಲು. ಎಲ್ಲೆಲ್ಲಿಂದಲೋ ಬಂದವರು ಫೋಟೊ ತೆಗೆಯುತ್ತಾರೆ. ನಿನ್ನೆ ಸಂಜೆ ಒಬ್ಬ ಹುಡುಗಿ, ಮನೆ ಮುಂದೆ ನಿಂತಿದ್ದ ಮೊಂಟುದಾನಿಗೆ, "ತಾತ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಮನೆ ಕಾಣಿಸ್ತಿಲ್ಲ" ಎಂದಳು.

ಅವನು ಪಕ್ಕಕ್ಕೆ ಸರಿದ.