ಈರಮ್ಮನ ಮಗಳ ಸೆರಗು

ಕೋವಿಡ್ ಕಳೆದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ್ದ ವರ್ಷ. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಜಕಾರ್ಡ್ ಕಾರ್ಡ್ ಪಂಚಿಂಗ್ ಮಾಡುವ ಮಾಸ್ತರನಾಗಿ ನಾನೊಬ್ಬನೇ ಉಳಿದಿದ್ದೆ. ಡಿಸೈನ್ ಕೆಲಸವೆಲ್ಲ ಕಂಪ್ಯೂಟರಿನ ಪಾಲಾಗಿತ್ತು. ನಾನು ಮಾತ್ರ ದಿನವೂ ಅಂಗಡಿ ಬಾಗಿಲು ತೆಗೆದು, ಮಷೀನಿಗೆ ಎಣ್ಣೆ ಬಿಟ್ಟು, ಪೇಪರ್ ಓದಿ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ.

ಈ ಕೆಲಸ ಕಂಡಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಸೀರೆಯ ಮೇಲೆ ಬರಬೇಕಾದ ಚಿತ್ರವನ್ನು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬುತ್ತಾರೆ. ಅದರ ಒಂದೊಂದು ಸಾಲನ್ನು ಓದಿಕೊಂಡು ನಾನು ಒಂದೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತೇನೆ. ಕಾರ್ಡುಗಳನ್ನು ದಾರದಲ್ಲಿ ಸಾಲಾಗಿ ಹೆಣೆದು ಮಗ್ಗದ ಮೇಲಿನ ಜಕಾರ್ಡಿಗೆ ಏರಿಸಿದರೆ, ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಒಂದು ಕಾರ್ಡಿಗೆ ಚಿತ್ರದ ಒಂದು ಗೆರೆ. ಪಂಚಿಂಗ್ ಮಾಡುವವನು ಗೆರೆಗಳನ್ನಷ್ಟೇ ನೋಡುತ್ತಾನೆ, ಪೂರ್ತಿ ಚಿತ್ರ ಅವನ ತಲೆಯಲ್ಲಿ ನಿಲ್ಲುವುದಿಲ್ಲ.

ನನ್ನದೊಂದು ಪದ್ಧತಿಯಿತ್ತು. ಕಾರ್ಡುಗಳನ್ನು ಗ್ರಾಫಿನ ಜೊತೆ ತಾಳೆ ನೋಡಿದ ಮೇಲೆ, ಗ್ರಾಫನ್ನು ಮಾಲೀಕನ ಕಣ್ಣೆದುರೇ ಹರಿದು ಒಲೆಗೆ ಹಾಕುತ್ತಿದ್ದೆ. ಒಬ್ಬರ ಡಿಸೈನು ಇನ್ನೊಬ್ಬರ ಮಗ್ಗ ಹತ್ತಬಾರದು. ನನಗೆ ಕಲಿಸಿದ ಮಾಸ್ತರರೂ ಹಾಗೇ ಮಾಡುತ್ತಿದ್ದರು. ಓಣಿಯ ಜನ ನನ್ನನ್ನು ನಂಬಿದ್ದೂ ಅದಕ್ಕೇ.

ಪಕ್ಕದ ಮನೆಯ ತಿಪ್ಪೇಸ್ವಾಮಿ ಸಾಯುವ ಹಿಂದಿನ ವರ್ಷ ಒಂದು ಸೆರಗಿನ ಗ್ರಾಫ್ ತಂದಿದ್ದ. ಅವನ ಅಜ್ಜಿಯ ಊರು ಉಳ್ಳಾರ್ತಿ ಕಾವಲಿನ ಮಗ್ಗುಲು. ಸರ್ಕಾರ ಸುತ್ತ ಬೇಲಿ ಹಾಕುವ ಮುಂಚೆ ಆ ಹುಲ್ಲುಗಾವಲಿನಲ್ಲಿ ಓಡಾಡಿಕೊಂಡು ಬೆಳೆದವನು.

"ಮಗಳ ಮದುವಿಗೆ ಮಾಸ್ತರೇ. ನಾನೇ ಬರ್ದೀನಿ. ಯಾರಿಗೂ ಹೇಳಬ್ಯಾಡ್ರಿ," ಎಂದಿದ್ದ.

ಅವರ ಮನೆಯಲ್ಲಿ ಮದುಮಗಳು ತನ್ನ ಸೀರೆ ಮಗ್ಗದಿಂದ ಇಳಿಯುವ ತನಕ ಸೆರಗಿನ ಚಿತ್ರ ನೋಡುವಂತಿಲ್ಲ. ಮುನ್ನೂರ ಇಪ್ಪತ್ತು ಕಾರ್ಡು ಹೊಡೆದುಕೊಟ್ಟೆ. ಗ್ರಾಫ್ ಹರಿದಾಗ ಅವನು ಪಕ್ಕದಲ್ಲೇ ನಿಂತು ಬೀಡಿ ಸೇದುತ್ತಿದ್ದ. ಮರುವರ್ಷ ಅವನು ಹೋದ. ಕಾರ್ಡಿನ ಕಟ್ಟು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮಗ್ಗದ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಮಗಳು ಗಾಯತ್ರಿಯ ಮದುವೆ ಗೊತ್ತಾದಾಗ ಸೀರೆ ನೇಯಲು ಕೂತವಳು ತಿಪ್ಪೇಸ್ವಾಮಿಯ ಹೆಂಡತಿ ಈರಮ್ಮ. ಒಡಲು ಮುಗಿಸಿ ಸೆರಗಿಗೆ ಕೈಯಿಡುವ ಮೊದಲು, ನೆಂಟರನ್ನು ಕರೆದು ಬರಲು ಬಿ.ಜಿ. ಕೆರೆಗೆ ಹೋದಳು. ಮರುದಿನ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಬಂದು ನಿಂತಳು.

"ಮೊಳೆ ಮ್ಯಾಲಿನ ಕಟ್ಟು ಇಲ್ಲ ಮಾಸ್ತರೇ. ಗಾಯತ್ರಿ ಕೊಟ್ಟುಬಿಟ್ಟಾಳೆ."

ತಾಯಿ ಇಲ್ಲದ ಹೊತ್ತಿನಲ್ಲಿ ಕುದಾಪುರದ ವಿಜ್ಞಾನ ಕ್ಯಾಂಪಸ್ಸಿನ ಎಂಜಿನಿಯರೊಬ್ಬ ಮಗ್ಗ ನೋಡಲು ಬಂದಿದ್ದ. ಮಗ್ಗದ ಮೇಲಿನ ಕಾರ್ಡುಗಳನ್ನು ಕಂಡು, ಇವೇ ಕಂಪ್ಯೂಟರಿನ ಮುತ್ತಜ್ಜ, ಇಂಥವನ್ನು ನಾನು ಕೂಡಿಡುತ್ತೇನೆ, ಹಳೆಯವು ಇವೆಯಾ ಎಂದು ಕೇಳಿದನಂತೆ. ಅಷ್ಟು ದೂರದಿಂದ ಬಂದು ತಮ್ಮ ಮಗ್ಗವನ್ನು ಹೊಗಳಿದವನನ್ನು ಬರಿಗೈಲಿ ಕಳಿಸಲು ಗಾಯತ್ರಿಗೆ ಮನಸ್ಸಾಗಲಿಲ್ಲ. ಮೊಳೆಯ ಮೇಲೆ ಧೂಳು ಹಿಡಿದ ಕಟ್ಟೊಂದಿತ್ತು. ಕಾಸು ಬೇಡವೆಂದು ಹೇಳಿ ಕೊಟ್ಟು, ಚಹಾ ಕುಡಿಸಿ ಕಳಿಸಿದ್ದಳು. ತನ್ನ ಸೆರಗನ್ನೇ ಕೊಟ್ಟೆನೆಂದು ಅವಳಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಗೊತ್ತಾದ ಮೇಲೆ ಅವಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಆ ಎಂಜಿನಿಯರ್ ಹುಡುಗ ಫೋನ್ ನಂಬರು ಬಿಟ್ಟುಹೋಗಿದ್ದ. ಮಾತಾಡಿದೆ. ಹೆಸರು ಪ್ರಣವ್, ಚಳ್ಳಕೆರೆಯಲ್ಲಿ ಬಾಡಿಗೆ ಮನೆ. ಆ ವಾರ ಬೆಂಗಳೂರಿನಲ್ಲಿದ್ದವನು ಭಾನುವಾರ ಬನ್ನಿ ಎಂದ. ಈರಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಮನೆಯೊಳಗೆ ಕಾಲಿಟ್ಟರೆ ನಾನು ಎಂದೋ ಎಸೆದಿದ್ದ ವಸ್ತುಗಳೆಲ್ಲ ಅಲ್ಲಿ ಮೆರೆಯುತ್ತಿದ್ದವು. ಟೈಪ್‌ರೈಟರು, ಸುತ್ತಿ ತಿರುಗಿಸುವ ಟೆಲಿಫೋನು, ಫ್ಲಾಪಿ, ಕ್ಯಾಸೆಟ್ಟು. ಮರದ ಪೆಟ್ಟಿಗೆಯ ರೇಡಿಯೊ ನೋಡಿ ಖುಷಿಯಾಗಿ ಕಿವಿ ತಿರುಗಿಸಿದೆ. ಅದು ಹಳೆಯ ವೇಷದ ಹೊಸ ಮಾಲು, ಒಳಗಿದ್ದದ್ದು ಬ್ಲೂಟೂತ್. ಹುಡುಗ ನಾಚಿಕೊಂಡು ನಕ್ಕ. ಕೆಟ್ಟವನಲ್ಲ. ನನ್ನ ಕೈ ನೋಡಿ, "ಈ ಕೈಯಲ್ಲೇ ಹೊಡೆದದ್ದಾ ಸರ್?" ಎಂದು ಕೇಳಿದಾಗ ನನಗೂ ಒಳಗೊಳಗೇ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಇಷ್ಟೊಂದು ಹಳೇ ಸಾಮಾನು ಯಾಕಪ್ಪಾ ಎಂದೆ.

"ಈಗಿನ ಮಷೀನುಗಳ ಒಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ ಸರ್. ನಮ್ಮಂಥವರಿಗೂ ಕಾಣಲ್ಲ. ನಿಮ್ಮ ಕಾರ್ಡನ್ನ ಬೆರಳಲ್ಲಿ ಸವರಿ ಓದಬಹುದು. ತೂತಿದ್ರೆ ಒಂದು, ಇಲ್ಲದಿದ್ರೆ ಸೊನ್ನೆ."

"ಮತ್ತೆ ಓದಿದೆಯಾ?"

ಅವನು ಓದಿರಲಿಲ್ಲ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಹನ್ನೆರಡು ಕಾರ್ಡುಗಳಿದ್ದವು, ಕೆಳಗೆ ಪುಟ್ಟ ಲೈಟು. ಉಳಿದವೆಲ್ಲಿ ಎಂದು ಕೇಳಿದೆ. ಇವನಂಥದ್ದೇ ಹವ್ಯಾಸದವರ ಕೂಟ ಬೆಂಗಳೂರಿನಲ್ಲಿ ಸೇರಿತ್ತು. ದಾರ ಬಿಚ್ಚಿ ಬಂದವರಿಗೆಲ್ಲ ಹಂಚಿದ್ದ. ಕೆಲವು ಆಗಲೇ ವಿಮಾನ ಹತ್ತಿದ್ದವು.

ಕಟ್ಟಿನಲ್ಲಿ ಏನಿತ್ತೆಂದು ಹೇಳಿದೆ. ಈರಮ್ಮ ಅವನನ್ನು ಬೈಯಲಿಲ್ಲ. ಗೋಡೆಯ ಮೇಲಿನ ಚೌಕಟ್ಟನ್ನೇ ನೋಡುತ್ತ, "ನಮ್ಮೋರ ಬರಹ ಐತೆ," ಎಂದಳು. ಕಾರ್ಡಿನ ಮೂಲೆಯ ನಂಬರುಗಳು ತಿಪ್ಪೇಸ್ವಾಮಿಯ ಕೈಬರಹದವು.

ಆಮೇಲೆ ಆ ಹುಡುಗ ಪಟ್ಟ ಪಾಡನ್ನು ನಾನು ಮರೆಯಲಾರೆ. ರಜೆ ಹಾಕಿ ಒಬ್ಬೊಬ್ಬರಿಗೂ ಫೋನ್ ಮಾಡಿದ. ಹತ್ತಿರದವರು ಕೊರಿಯರ್ ಮಾಡಿದರು, ದೂರದವರು ಕಾರ್ಡಿನ ಫೋಟೊ ಕಳಿಸಿದರು. ಫೋಟೊ ಇದ್ದರೂ ಸಾಕಿತ್ತು, ತೂತು ಎಣಿಸಿ ನಾನು ಹೊಸದನ್ನು ಹೊಡೆಯುತ್ತಿದ್ದೆ. ಕಣ್ಣು ಉರಿಯುವವರೆಗೂ ಹೊಡೆದೆ. ನಂಬರಿನ ಪ್ರಕಾರ ಜೋಡಿಸುತ್ತ ಹೋದಂತೆ ಪ್ರಣವ್ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸಿದ. ಕೆಳಗೆ ಗಾಳಿಗೆ ಬಾಗಿದ ಹುಲ್ಲು. ಹುಲ್ಲಿನಿಂದ ಎದ್ದ ಎರಡು ಉದ್ದ ಕಾಲು. ಮೇಲೆ ದೊಡ್ಡ ಹಕ್ಕಿಯ ಮೈ, ಗರಿಗರಿಯೂ ಬೇರೆಬೇರೆ. ಅಲ್ಲಿಗೆ ನಿಂತಿತು. ಕತ್ತಿನಿಂದ ಮೇಲೆ ಏನೂ ಇಲ್ಲ.

ಕಟ್ಟಿನ ಮೊದಲ ನಲವತ್ತು ಕಾರ್ಡುಗಳನ್ನು, ಅಂದರೆ ಚಿತ್ರದ ಮೇಲ್ತುದಿಯನ್ನು, ಅವನು ಒಟ್ಟಿಗೇ ಒಬ್ಬ ಸ್ನೇಹಿತನಿಗೆ ಕೊಟ್ಟಿದ್ದ. ಆ ಸ್ನೇಹಿತ ಅವುಗಳಿಂದ ದೀಪದ ಶೇಡು ಮಾಡಿದ್ದ. ದೀಪವೂ ಬಂತು, ನೋಡಲು ಚೆಂದವಾಗಿಯೇ ಇತ್ತು. ಬೆಳಕು ಸಾಲದೆಂದು ಆ ಪುಣ್ಯಾತ್ಮ ಕಾರ್ಡಿನ ಒಂದು ಜಾಗವನ್ನೂ ಬಿಡದೆ, ಹಳೆಯ ತೂತಿನ ಮೇಲೂ ಸೇರಿಸಿ, ದಪ್ಪ ತೂತು ಕೊರೆಸಿದ್ದ. ನಲವತ್ತು ಕಾರ್ಡೂ ಈಗ ಒಂದೇ ಥರ. ಭೂತಗನ್ನಡಿ ಹಿಡಿದು ಒಂದು ಹಗಲೆಲ್ಲ ನೋಡಿದೆ. ಯಾವುದು ನನ್ನ ತೂತು, ಯಾವುದು ಅವನದು ಎಂದು ಹೇಳಲು ನನ್ನಿಂದ ಆಗಲಿಲ್ಲ. ನನ್ನ ಕೈಯಿಂದಲೇ ಹಾದುಹೋದ ಹಕ್ಕಿ. ಅದರ ಕತ್ತು ಎಡಕ್ಕಿತ್ತೋ ಬಲಕ್ಕಿತ್ತೋ, ತಲೆ ಬಗ್ಗಿಸಿತ್ತೋ ಎತ್ತಿತ್ತೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಮದುವೆ ಹತ್ತಿರ ಬಂದಿತ್ತು. ಪ್ರಣವ್ ತನ್ನ ಕಂಪ್ಯೂಟರಿನಿಂದ ಹಲವು ಬಗೆಯ ತಲೆಗಳನ್ನು ತಂದು ತೋರಿಸಿದ. ನಾನೂ ಪೆನ್ಸಿಲ್ ಹಿಡಿದು ಒಂದು ಬರೆದೆ. ಈರಮ್ಮ ಎಲ್ಲವನ್ನೂ ತಾಳ್ಮೆಯಿಂದ ನೋಡಿದಳು.

"ಚೆನ್ನಾಗೈತ್ರಿ. ಆದ್ರೆ ಇದು ನಿಮ್ ಹಕ್ಕಿ ಆಗ್ತೈತೆ ಮಾಸ್ತರೇ."

"ಹಂಗಾದ್ರೆ ಏನು ಮಾಡೋಣವ್ವಾ? ತಲೆ ಇಲ್ಲದ ಹಕ್ಕೀನ ಮದುವೆ ಸೀರೆಗೆ ಹಾಕಾಕಾಗಲ್ಲ."

"ಹುಲ್ಲು ಪೂರ್ತಿ ಐತಲ್ರಿ. ಅಷ್ಟು ಕೊಡ್ರಿ ಸಾಕು." ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. "ಗಾಯತ್ರಿಗೆ ಹಕ್ಕಿ ವಿಷ್ಯ ಹೇಳಬ್ಯಾಡ್ರಿ. ಇಬ್ರೂ."

ಸೆರಗಿನಲ್ಲಿ ಮೇಲಿನ ಭಾಗ ಮೊದಲು ನೇಯಬೇಕು, ಕೆಳಗಿನದು ಕೊನೆಗೆ. ಅವಳು ನೇಯುವಾಗ ನಾನು ಹೋಗಿ ಕೂತಿದ್ದೆ. ಹಕ್ಕಿ ಇರಬೇಕಾಗಿದ್ದ ಅಷ್ಟೂ ಉದ್ದಕ್ಕೆ ಅವಳು ಜಕಾರ್ಡ್ ಮುಟ್ಟದೆ ಬರೀ ಲಾಳಿ ಓಡಿಸಿದಳು. ಒಂದು ಗೆರೆಯನ್ನೂ ಕಡಿಮೆ ಮಾಡಲಿಲ್ಲ. ಗಂಡನ ಹಕ್ಕಿಗೆ ಜಾಗ ಬಿಡುತ್ತಿದ್ದಾಳೆಂದು ತಿಳಿದಾಗ ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ. ಬೀದಿಯಲ್ಲಿ ನಿಂತು ಲಾಳಿಯ ಸದ್ದು ಕೇಳುವುದು ಬಿಟ್ಟರೆ ಮಾಡುವುದಕ್ಕೆ ಏನೂ ಇರಲಿಲ್ಲ.

ಮದುವೆಯ ದಿನ ಗಾಯತ್ರಿ ಆ ಸೀರೆ ಉಟ್ಟು ಕಾಲಿಗೆ ಬೀಳಲು ಬಂದಳು. ಮೇಲೆ ಬಯಲಿನಂಥ ಖಾಲಿ ಕೆಂಪು ರೇಷ್ಮೆ, ಕೆಳಗೆ ಜರಿಯ ಹುಲ್ಲು. ನನ್ನ ಪಕ್ಕದಲ್ಲಿ ಪ್ರಣವ್ ನಿಂತಿದ್ದ. ಅವಳು ಸೆರಗಿನ ತುದಿಯನ್ನು ಅಂಗೈ ಮೇಲೆ ಹರಡಿಕೊಂಡು ಮೆಲ್ಲಗೆ ಕೇಳಿದಳು.

"ಮಾವ, ಹಾಳಾದ ಕಾರ್ಡ್‌ನಾಗೆ ಏನಿತ್ತು?"

"ಏನಿಲ್ಲ ಕಣವ್ವ. ಬರೀ ಗೆರೆ."

"ಅಪ್ಪ ಬರ್ದಿದ್ದು ಹುಲ್ಲಷ್ಟೇನಾ?"

"ಅಷ್ಟೇ."

ಅವಳು ಪ್ರಣವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವಳ ಮುಖ ಎಷ್ಟೋ ದಿನದ ಮೇಲೆ ಸಡಿಲವಾಯಿತು. "ಸದ್ಯ, ಹುಲ್ಲು ಉಳೀತಲ್ಲ," ಎಂದು ನಕ್ಕು, ಗಂಡನ ಕಡೆ ಹೋದಳು.

ಅಷ್ಟು ವರ್ಷ ಗ್ರಾಫ್ ಹರಿಯುವುದನ್ನೇ ಪ್ರಾಮಾಣಿಕತೆ ಎಂದು ತಿಳಿದಿದ್ದವನಿಗೆ ಕಸುಬು ಕೊನೆಗಾಲದಲ್ಲಿ ಇನ್ನೊಂದು ಪಾಠ ಹೇಳಿತು: ಒಬ್ಬರ ಗುಟ್ಟು ಕಾಯುವವನು ಅದರ ಒಂದು ಪ್ರತಿಯನ್ನೂ ಕಾಯಬೇಕು. ಈಗ ನಾನು ಗ್ರಾಫ್ ಹರಿಯುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಇಡುವುದಕ್ಕೆಂದು ಬೀಗದ ಟ್ರಂಕೊಂದನ್ನೂ ತಂದಿದ್ದೇನೆ. ಆ ಮದುವೆಯ ನಂತರ ನನ್ನ ಅಂಗಡಿಗೆ ಯಾರೂ ಗ್ರಾಫ್ ತಂದಿಲ್ಲ.