ವಡೆ ಕರಿಯುವ ಎಣ್ಣೆಯ ಉಪಮೆ

ನಾನು ಚಿಕ್ಕವನಿದ್ದಾಗ ಕನ್ನಡ ಪಾಠದ ಅಲಂಕಾರಗಳೆಂದರೆ ಜೀವ ಹೋಗುವಷ್ಟು ಭಯ: ಉಪಮೆ, ರೂಪಕ, ಅತಿಶಯೋಕ್ತಿ. ನಗಬೇಡಿ ಮೊಮ್ಮಕ್ಕಳೇ, ಕಾರಣವಿತ್ತು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ. ಕನ್ನಡವೇನಿದ್ದರೂ ಶಾಲೆಯಲ್ಲಿ ಮಾತ್ರ. ಎರಡು ಸಲ ಫೇಲಾಗಿದ್ದೆ. ಕಲ್ಯಾಣದ ಪಕ್ಕದ ವಿಠ್ಠಲವಾಡಿ ಸ್ಟೇಷನ್ನಿನ ಎದುರು ಹೋಟೆಲು ನಡೆಸುತ್ತಿದ್ದ ಅಪ್ಪ, "ಈ ಸಲ ಓರಲ್ ಪರೀಕ್ಷೆಯಲ್ಲೂ ಬಿದ್ರೆ ಊರಿಗೆ ಕಳಿಸ್ತೇನೆ. ಉಡುಪಿಯಲ್ಲಿ ಅಜ್ಜಿ ಹತ್ರ ಇದ್ದು ಕಲಿ" ಎಂದುಬಿಟ್ಟಿದ್ದರು. ಅಕ್ಕನನ್ನು ಬಿಟ್ಟು ಒಂದು ದಿನವೂ ಇದ್ದವನಲ್ಲ ನಾನು.

ಪರೀಕ್ಷೆಯ ಬೆಳಿಗ್ಗೆ ಡೊಂಬಿವಲಿಯ ಶಾಲೆಗೆ ಹೋಗುವ ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬಾದ ಮೂಲೆಯಲ್ಲಿ, ಅದೇ ಶಾಲೆಯಲ್ಲಿ ಓದುತ್ತಿದ್ದ ಅಕ್ಕ ಕೊನೆಯ ಪಾಠ ಮಾಡಿದಳು. ಸುತ್ತಲೂ ಮಲ್ಲಿಗೆ, ಬೆವರು, ಕಾದ ಕಬ್ಬಿಣದ ವಾಸನೆ.

"ಈ ಡಬ್ಬಾ ಒಲೆಯಂತೆ ಸುಡ್ತದೆ ಅಂದ್ರೆ ಉಪಮೆ. ಡಬ್ಬಾವೇ ಒಲೆ ಅಂದ್ರೆ ರೂಪಕ. ಇದ್ದದ್ದಕ್ಕಿಂತ ಜಾಸ್ತಿ ಬುರುಡೆ ಬಿಟ್ರೆ ಅತಿಶಯೋಕ್ತಿ. ಗೊತ್ತಾಯ್ತಲ್ಲ?"

ಗೊತ್ತಾಗಿತ್ತು. ಆದರೂ ಡೊಂಬಿವಲಿ ಬರುವವರೆಗೂ ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ.

ಮಾಸ್ತರರು ನನ್ನನ್ನು ಕರೆದರು. ಅಂಗೈಯ ಬೆವರನ್ನು ಚಡ್ಡಿಗೆ ಒರೆಸಿಕೊಂಡೆ. "ಮೂರಕ್ಕೂ ಒಂದೊಂದು ಉದಾಹರಣೆ ಕೊಡು. ಪುಸ್ತಕದ್ದು ಬೇಡ, ನಿಂದೇ ಆಗ್ಬೇಕು" ಎಂದರು. ಬಾಯಿಪಾಠ ಮಾಡಿದ್ದ ಚಂದ್ರನಂಥ ಮುಖವೆಲ್ಲ ನೀರುಪಾಲು. ನನ್ನ ತಲೆಯಲ್ಲಿದ್ದದ್ದು ಅಪ್ಪನ ಮುಖ ಒಂದೇ. ಅದೇ ಬಾಯಿಗೆ ಬಂತು.

"ಅಪ್ಪನ ಕೋಪ ವಡೆ ಕರಿಯುವ ಎಣ್ಣೆಯಂತೆ ಕುದಿಯುತ್ತದೆ, ಉಪಮೆ. ಅಪ್ಪನ ಕೋಪವೇ ಕುದಿಯುವ ಎಣ್ಣೆ, ರೂಪಕ. ಅಪ್ಪ ಒಮ್ಮೆ ಕೂಗಿದರೆ ಕಲ್ಯಾಣ ಜಂಕ್ಷನ್ನಿನಲ್ಲಿ ಗಾಡಿಗಳೆಲ್ಲ ನಿಲ್ಲುತ್ತವೆ, ಅತಿಶಯೋಕ್ತಿ."

ತರಗತಿ ಗೊಳ್ಳೆಂದು ನಕ್ಕಿತು. ಮರುಕ್ಷಣವೇ ಸುಮ್ಮನಾಯಿತು. ತಿರುಗಿ ನೋಡಿದರೆ ಹಿಂದಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ನನ್ನ ಓದಿನ ವಿಷಯ ಮಾತಾಡಲು ಮಾಸ್ತರರೇ ಅವರಿಗೆ ಹೇಳಿ ಕಳಿಸಿದ್ದರಂತೆ. ಹತ್ತಕ್ಕೆ ಒಂಬತ್ತು ಮಾರ್ಕು ಎಂದು ಮಾಸ್ತರರು ಹೇಳಿದ್ದು ಕಿವಿಗೆ ಬಿತ್ತೇ ವಿನಾ ತಲೆಗೆ ಹೋಗಲಿಲ್ಲ.

ಅಕ್ಕನಿಗೆ ಇನ್ನೂ ತರಗತಿಯಿತ್ತು. ನಾವಿಬ್ಬರೇ ಮರಳಿದೆವು. ಗಾಡಿಯಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಮನೆ ಮುಟ್ಟಿದೊಡನೆ ನನ್ನ ಬಟ್ಟೆಬರೆ ಕಟ್ಟಿಸುತ್ತಾರೆ ಎಂದುಕೊಂಡು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಠಾಕುರ್ಲಿ ದಾಟಿದ ಮೇಲೆ ಅವರು ಮೆಲ್ಲನೆ ಕೇಳಿದರು, "ನನ್ನ ಕಂಡ್ರೆ ನಿಂಗೆ ಅಷ್ಟು ಹೆದರಿಕೆಯಾ ಮಾರಾಯ?"

ಹೌದೆಂದು ತಲೆಯಾಡಿಸಿದೆ. ವಿಠ್ಠಲವಾಡಿ ಬರುವವರೆಗೂ ಅಪ್ಪ ಹೊರಗೇ ನೋಡುತ್ತಿದ್ದರು. ಇಳಿಯುವಾಗ, "ಊರಿಗೆ ಹೋಗುದು ಬೇಡ. ಇಲ್ಲೇ ಇರು" ಎಂದರು. ಆಮೇಲೂ ಅವರಿಗೆ ಸಿಟ್ಟು ಬರುತ್ತಿತ್ತು; ಆದರೆ ನನ್ನ ಮುಖ ಕಂಡೊಡನೆ ದನಿ ಅರ್ಧಕ್ಕೇ ಇಳಿಯುತ್ತಿತ್ತು.

ಈಗ ಕಾಮೋಠೆಯ ನಮ್ಮ ಫ್ಲಾಟಿನಲ್ಲಿ ನೀವು ಫೋನು ಒತ್ತಿದರೆ ರೂಪಕದ ಅರ್ಥ ಹಿಂದಿಯಲ್ಲೂ ಸಿಗುತ್ತದೆ. ನಿಮ್ಮಪ್ಪ ದನಿ ಏರಿಸಿದರೆ, "ಪಪ್ಪಾ, ಚಿಲ್ಲಾವೋ ಮತ್, ಡರ್ ಲಗ್ತಾ ಹೈ" ಎಂದು, ಕೂಗಬೇಡ ಹೆದರಿಕೆಯಾಗುತ್ತದೆ ಎಂದು, ಎದುರಿಗೇ ಹೇಳುತ್ತೀರಿ. ಅದನ್ನು ಕೇಳಿದಾಗ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಅಷ್ಟೇ ಮಾತನ್ನು ಅಪ್ಪನಿಗೆ ಮುಟ್ಟಿಸಲು ನನಗೆ ಮೂರು ಅಲಂಕಾರಗಳು ಬೇಕಾಗಿದ್ದವು.